ಗಾಲ್ಫ್ ಆಡಿದ ಕೊಟ್ಟೂರು ಬ್ರದರ್ಸ್

ಬೀಜದ ಕಂಪನಿಯ ವಾಟ್ಸಾಪ್ ಗುಂಪಿನಲ್ಲಿ ಆ ಪ್ರಶ್ನೆ ಬಂದಾಗ ನಮ್ಮ ಮನೆಯವರು ಸ್ನಾನಕ್ಕೆ ಹೋಗಿದ್ದರು, ಅವರ ಫೋನು ನನ್ನ ಕೈಯಲ್ಲಿತ್ತು. ಆದದ್ದೆಲ್ಲ ಇಷ್ಟರಿಂದಲೇ.

ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ನಮ್ಮದು ಬೀಜ, ಗೊಬ್ಬರದ ಅಂಗಡಿ. ನಮ್ಮ ಮನೆಯವರು ಅದನ್ನು ನೋಡಿಕೊಳ್ಳುತ್ತಾರೆ. ಅವರ ತಮ್ಮ, ಅಂದರೆ ನನ್ನ ಮೈದುನ, ಕಾನಹೊಸಹಳ್ಳಿಯಲ್ಲಿ ಇನ್ನೊಂದು ಅಂಗಡಿ ಇಟ್ಟಿದ್ದಾನೆ. ನಾನು ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಆ ವರ್ಷ ಒಂದು ಕಂಪನಿಯ ಮೆಕ್ಕೆಜೋಳದ ಬೀಜ ನಮ್ಮ ಎರಡೂ ಅಂಗಡಿಗಳಲ್ಲಿ ಚೆನ್ನಾಗಿ ಓಡಿತ್ತು. ಅದರ ಖುಷಿಗೆ ಕಂಪನಿಯವರು ಅಣ್ಣತಮ್ಮಂದಿರಿಬ್ಬರನ್ನೂ ಹೆಂಡಂದಿರ ಸಮೇತ ಮಲೇಷ್ಯಾದ ಲಂಕಾವಿ ದ್ವೀಪಕ್ಕೆ ಕರೆದುಕೊಂಡು ಹೋಗುವುದಾಗಿ ಹೇಳಿದ್ದರು.

ವಾಟ್ಸಾಪಿನಲ್ಲಿ ಕೇಳಿದ್ದು ಇದು: ಒಂದು ಬೆಳಿಗ್ಗೆ ಎರಡು ಕಾರ್ಯಕ್ರಮ ಇವೆ, ಬೋಟಿನಲ್ಲಿ ಸಮುದ್ರ ಸುತ್ತುವುದು ಅಥವಾ ಗಾಲ್ಫ್ ಆಡುವುದು, ಯಾರಿಗೆ ಯಾವುದು? ಕೆಳಗೆ ರಾಯಚೂರು, ಗದಗ, ದಾವಣಗೆರೆಯ ಡೀಲರುಗಳೆಲ್ಲ ಸಾಲಾಗಿ ಬೋಟು, ಬೋಟು, ಬೋಟು ಎಂದು ಹಾಕಿದ್ದರು. ನಾನು ‘ಗಾಲ್ಫ್, ಇಬ್ಬರು, ಕೊಟ್ಟೂರು’ ಎಂದು ಬರೆದು ಕಳಿಸಿ, ಫೋನನ್ನು ಮೊದಲಿದ್ದ ಜಾಗದಲ್ಲೇ ಇಟ್ಟೆ.

ಇಬ್ಬರು ಅಂದರೆ ನಾನು ಮತ್ತು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಹಿರೇಹಡಗಲಿಯ ಹೆಣ್ಣು, ನನಗಿಂತ ಹತ್ತು ವರ್ಷ ಚಿಕ್ಕವಳು. ನಾನು ಏನು ಹೇಳಿದರೂ ಮೊದಲು ನಕ್ಕು, ಆಮೇಲೆ ಹೂಂ ಎನ್ನುವವಳು. ಆದರೆ ಫೋನು ನಮ್ಮ ಮನೆಯವರದ್ದಾದ್ದರಿಂದ ಕಂಪನಿಯವರು ಅದನ್ನು ಬೇರೆ ರೀತಿ ಓದಿಕೊಂಡರು. ಸ್ವಲ್ಪ ಹೊತ್ತಿಗೆ ಕಂಪನಿಯ ದೊಡ್ಡ ಸಾಹೇಬರೇ ಉತ್ತರ ಹಾಕಿದರು: ‘ಸೂಪರ್! ಕೊಟ್ಟೂರು ಬ್ರದರ್ಸ್ ನನ್ನ ಟೀಮು.’ ನಮ್ಮ ಮನೆಯವರು ಆ ಗುಂಪಿನ ಶುಭೋದಯಗಳ ಕಾಟ ತಾಳಲಾರದೆ ಅದರ ಬಾಯಿ ಮುಚ್ಚಿಸಿ ಎಷ್ಟೋ ತಿಂಗಳಾಗಿತ್ತು. ಅವರು ಅದನ್ನು ನೋಡಲೇ ಇಲ್ಲ. ನಾನೂ ತೋರಿಸಲಿಲ್ಲ.

ಗಾಲ್ಫ್ ಎಂದರೆ ಏನೆಂದು ನನಗೆ ಟೀವಿಯಲ್ಲಿ ಕಂಡಷ್ಟೇ ಗೊತ್ತಿತ್ತು. ಕಬಡ್ಡಿ, ಖೋಖೋ, ಥ್ರೋಬಾಲ್ ಕಲಿಸಿದವಳಿಗೆ ನಿಂತಲ್ಲೇ ಇರುವ ಚೆಂಡನ್ನು ಹೊಡೆಯುವುದು ಎಷ್ಟರ ಮಾತು ಎಂಬ ಧೈರ್ಯ. ಕೂಡ್ಲಿಗಿ ರಸ್ತೆಯಲ್ಲಿ ನಮ್ಮದೊಂದು ಹೊಲವಿದೆ. ಮೆಕ್ಕೆಜೋಳ ಕೊಯ್ದು ಬರೀ ಕೂಳೆ ಉಳಿದಿತ್ತು. ಭಾನುವಾರ ಸಂಜೆ ನಾವಿಬ್ಬರೂ ಸ್ಕೂಟಿಯ ಮೇಲೆ ಅಲ್ಲಿಗೆ ಹೋದೆವು. ನಮ್ಮ ಮಾವನವರ ಕಾಲದ ಕಟ್ಟಿಗೆಯ ಹಿಡಿಯ ಛತ್ರಿಯನ್ನು ತಲೆಕೆಳಗಾಗಿ ಹಿಡಿದರೆ ಹೆಚ್ಚುಕಡಿಮೆ ಗಾಲ್ಫ್ ಕೋಲೇ. ಚೆಂಡು ಟೆನಿಸಿನದು.

ನಾನು ಹೊಡೆದ ಚೆಂಡು ಕೂಳೆಗಳ ನಡುವೆ ಎಲ್ಲೋ ಮಾಯವಾಯಿತು. ಇಬ್ಬರೂ ಸೊಂಟ ಬಗ್ಗಿಸಿ ಹುಡುಕುತ್ತಿರುವಾಗ ಆ ಕಡೆ ಕುರಿ ಮೇಯಿಸುತ್ತಿದ್ದ ಮುದುಕಪ್ಪ ಹತ್ತಿರ ಬಂದ.

“ಏನು ಕಳಕೊಂಡೀರಿ ಅವ್ವಾ? ಕಿವಿ ಓಲಿಯೇನು?”

“ಓಲಿ ಅಲ್ಲಜ್ಜ, ಚೆಂಡು,” ಅಂದಳು ನೆಗೆಣ್ಣಿ.

“ಯಾರು ಒಗದ್ರು?”

“ನಾವ ಹೊಡದ್ವಿ.”

“ನೀವ ಹೊಡದು, ನೀವ ಹುಡುಕಾಕ ಹತ್ತೀರಿ?”

“ಅದ ಆಟ,” ಅಂದೆ ನಾನು.

ಅವನು ಕೋಲಿಗೆ ಗದ್ದ ಊರಿ ಸ್ವಲ್ಪ ಯೋಚಿಸಿದ. “ಹಂಗಾರ ಮರಿ ಕಳಕೊಂಡು ನಾವು ದಿನಾ ಆಡ್ತೀವಿ ಬಿಡ್ರಿ,” ಎಂದು ಹೇಳಿ ಹೋದ. ಅವನ ನಾಯಿ ನಮ್ಮ ಚೆಂಡನ್ನು ಬಾಯಲ್ಲಿ ಕಚ್ಚಿಕೊಂಡು ಅವನ ಹಿಂದೆಯೇ ಹೋಯಿತು. ನೆಗೆಣ್ಣಿ ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಳು. ನಮ್ಮ ತಯಾರಿ ಅಲ್ಲಿಗೆ ಮುಗಿಯಿತು.

ಬಟ್ಟೆಯ ಸಮಸ್ಯೆಯೊಂದು ಉಳಿದಿತ್ತು. ಕಾಲರ್ ಇಲ್ಲದ ಅಂಗಿ ತೊಟ್ಟವರನ್ನು ಆ ಮೈದಾನದೊಳಗೆ ಬಿಡುವುದಿಲ್ಲವೆಂದು ಕಂಪನಿಯವರು ಮೊದಲೇ ತಿಳಿಸಿದ್ದರು. ನನ್ನ ಬಳಿ ಸ್ಕೂಲಿನ ಟ್ರ್ಯಾಕ್‌ಪ್ಯಾಂಟು, ಕಾಲರಿನ ಟೀಶರ್ಟು ಇದ್ದವು. ನೆಗೆಣ್ಣಿಗೂ ಒಂದು ಜತೆ ಕೊಡಲು ಹೋದೆ.

“ಪ್ಯಾಂಟ್ ನಾ ಹಾಕಂಗಿಲ್ಲಕ್ಕ. ಅವರಿಗೆ ಕಾಲರ್ ಬೇಕು ಹೌದಿಲ್ಲೋ? ಕಾಲರ್ ಹಾಕ್ತೀನಿ,” ಅಂದವಳೇ ಟೇಲರನ ಅಂಗಡಿಗೆ ಹೋಗಿ ಸೀರೆಯ ಹಸಿರು ಜಂಪರಿಗೆ ಶರ್ಟಿನ ಕಾಲರ್ ಹಚ್ಚಿಸಿಕೊಂಡು ಬಂದಳು. ಟೇಲರ್ ಯಾವ ಸಿನಿಮಾದಾಗ ಈ ಫ್ಯಾಷನ್ ಬಂದೈತ್ರಿ ಎಂದು ಕೇಳಿದನಂತೆ.

ಲಂಕಾವಿಯಲ್ಲಿ ಆ ಬೆಳಿಗ್ಗೆ ಹೋಟೆಲಿನ ನಾಷ್ಟಾದ ಕೋಣೆಯಲ್ಲಿ ಕೂತಿದ್ದೆವು. ಅಣ್ಣತಮ್ಮಂದಿರು ಊರಿಂದ ತಂದಿದ್ದ ಶೇಂಗಾ ಚಟ್ನಿಪುಡಿಯನ್ನು ಬ್ರೆಡ್ಡಿನ ಮೇಲೆ ಸುರಿದುಕೊಂಡು ತಿನ್ನುತ್ತಿದ್ದರು. ಆಗ ದೊಡ್ಡ ಸಾಹೇಬರು ಬಂದರು. ಬಿಳಿ ಟೋಪಿ, ಬಿಳಿ ಪ್ಯಾಂಟು, ಹಿಂದಿನ ಜೇಬಿನಿಂದ ಇಣುಕುತ್ತಿದ್ದ ಒಂದೇ ಒಂದು ಕೈಗವಸು. ಮೈಸೂರು ಕಡೆಯವರು, ಹೊಟ್ಟೆಯ ಮುಂದೆ ಬೆಲ್ಟನ್ನು ಆಗಾಗ ಸರಿಪಡಿಸಿಕೊಳ್ಳುವ ಅಭ್ಯಾಸ. ತಮ್ಮ ಸ್ವಂತ ಕೋಲುಗಳ ಚೀಲವನ್ನು ವಿಮಾನದಲ್ಲಿ ಜೋಪಾನವಾಗಿ ತಂದಿದ್ದರು.

“ಏನು ಬ್ರದರ್ಸ್, ರೆಡೀನಾ?” ಎಂದು ನಮ್ಮ ಮನೆಯವರ ಬೆನ್ನು ತಟ್ಟಿದರು.

ನಮ್ಮ ಮನೆಯವರು ಬಾಯಲ್ಲಿದ್ದುದನ್ನು ನುಂಗಿ, “ಯಾವುದಕ್ಕರಿ ಸರ?” ಎಂದರು.

“ಯಾವುದಕ್ಕೆ ಅಂದ್ರೆ? ಗಾಲ್ಫ್‌ಗೆ!”

“ನಾವು ರೆಡಿ ಅದೀವ್ರಿ ಸರ್,” ಎಂದು ನಾನು ಎದ್ದು ನಿಂತೆ. ನೆಗೆಣ್ಣಿಯೂ ಎದ್ದು ಸೆರಗು ಸಿಕ್ಕಿಸಿ ಕಾಲರ್ ನೆಟ್ಟಗೆ ಮಾಡಿಕೊಂಡಳು.

ಸಾಹೇಬರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಕಾಲರನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡಿದರು. ನಮ್ಮ ಮನೆಯವರು ನನ್ನ ಕಡೆ ಬಾಗಿ, “ಏನು ಮಾಡಿಯಲೇ ಇದು?” ಎಂದು ಹಲ್ಲು ಕಚ್ಚಿ ಕೇಳಿದರು. “ನಿಮ್ಮ ಬೋಟು ಹೊಂಟೈತಿ ನೋಡ್ರಿ,” ಅಂದೆ. ಮೈದುನ ಅಷ್ಟರಲ್ಲಿ ಬಾಗಿಲು ದಾಟಿದ್ದ. ಇವರೂ ಬ್ರೆಡ್ಡು ಅಲ್ಲೇ ಬಿಟ್ಟು ಹಿಂದೆ ಓಡಿದರು.

ಸಾಹೇಬರು ದೊಡ್ಡ ಮನುಷ್ಯರು, ಹೆಣ್ಣುಮಕ್ಕಳ ಎದುರಿಗೆ ಬೇಡ ಎನ್ನಲಾಗದವರು. ಮೈದಾನ ಮುಟ್ಟಿದ ಮೇಲೆ ಒಂದೇ ಮಾತು ಹೇಳಿದರು: “ನೋಡೀಮ್ಮಾ, ಇದು ಸುಮ್ನೆ ಪಾರ್ಕ್ ಅಲ್ಲ. ಚಾಂಪಿಯನ್‌ಶಿಪ್ ಕೋರ್ಸು. ದೊಡ್ಡ ದೊಡ್ಡ ಆಟಗಾರರು ಇಲ್ಲಿ ಬಂದು ಅತ್ತಿದ್ದಾರೆ.”

“ಅಯ್ಯ, ಯಾಕ್ರೀ?” ಎಂದು ನೆಗೆಣ್ಣಿ ಕನಿಕರದಿಂದ ಕೇಳಿದಳು.

ಯಾಕೆಂದು ಸ್ವಲ್ಪ ಹೊತ್ತಿಗೆ ತಿಳಿಯಿತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡದ ಮೇಲಿಂದ ಇಳಿದುಬಂದ ದಟ್ಟ ಕಾಡು. ನಡುವೆ ಏಣಿ ಇಟ್ಟು ಹತ್ತಬೇಕೆನ್ನುವಂಥ ಏರು, ಇಳಿಜಾರು, ಅಲ್ಲಲ್ಲಿ ಮರಳಿನ ಗುಂಡಿ, ಕಪ್ಪು ನೀರಿನ ಹೊಂಡ. ನಾವು ಬಿಸಿಲಿನ ಊರವರು, ಬಿಸಿಲಿಗೆ ಹೆದರುವುದಿಲ್ಲ ಅಂದುಕೊಂಡಿದ್ದೆ. ನಮ್ಮ ಬಿಸಿಲು ಒಣಗಿಸುತ್ತದೆ, ಅಲ್ಲಿಯದು ಬೇಯಿಸುತ್ತದೆ. ಇನ್ನೂ ಕೋಲು ಹಿಡಿಯುವ ಮುಂಚೆಯೇ ಟೀಶರ್ಟು ಬೆನ್ನಿಗೆ ಅಂಟಿತ್ತು.

ಆಟದ ಕಟ್ಟಳೆ ಸರಳವಾಗಿತ್ತು. ಮೂವರೂ ಹೊಡೆಯುವುದು, ಯಾರ ಚೆಂಡು ಒಳ್ಳೆಯ ಜಾಗದಲ್ಲಿ ನಿಂತಿತೋ ಅಲ್ಲಿಂದ ಮೂವರೂ ಮತ್ತೆ ಹೊಡೆಯುವುದು, ಹೀಗೆ ಕುಳಿಗೆ ಬೀಳಿಸುವವರೆಗೆ. ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗಕ್ಕೆ ಗ್ರೀನ್ ಅನ್ನುತ್ತಾರೆ. ಬೇರೆ ರಾಜ್ಯಗಳ ಡೀಲರುಗಳದೂ ಹೀಗೇ ಗುಂಪುಗಳಿದ್ದವು. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದಂತೆ. ನಮ್ಮ ಚೀಲ ನೋಡಿಕೊಳ್ಳಲು, ಚೆಂಡು ಹುಡುಕಲು ಅಲ್ಲಿನ ಒಬ್ಬ ತಮಿಳು ಹೆಂಗಸನ್ನು ಕೊಟ್ಟಿದ್ದರು. ಅವಳು ತಮಿಳಿನಲ್ಲಿ, ನೆಗೆಣ್ಣಿ ಹಡಗಲಿ ಕನ್ನಡದಲ್ಲಿ ಆಗಲೇ ಮಕ್ಕಳುಮರಿ ವಿಚಾರಿಸಿಕೊಂಡಿದ್ದರು.

ಮೊದಲು ಸಾಹೇಬರು ಹೊಡೆದರು. ಹೊಡೆಯುವ ಮುಂಚೆ ಕೈಗವಸು ಹಾಕಿಕೊಂಡರು, ಎರಡು ಸಲ ಗಾಳಿಯಲ್ಲಿ ಬೀಸಿದರು, ಹುಲ್ಲು ಕಿತ್ತು ತೂರಿ ಗಾಳಿ ನೋಡಿದರು, ಮಂಡಿ ಕುಣಿಸಿದರು. ನೆಗೆಣ್ಣಿ ನನ್ನ ಕಿವಿಯಲ್ಲಿ, “ಅಕ್ಕಾ, ಇವರಿಗೆ ಮೈಯಾಗ ದೇವರು ಬರಾಕ ಹತ್ತೈತೇನು?” ಅಂದಳು. ನನಗೆ ನಗು ಬಂತು. ಸಾಹೇಬರು ತಿರುಗಿ, “ಪ್ಲೀಸ್, ಸೈಲೆನ್ಸ್!” ಎಂದರು. ಆಮೇಲೆ ಹೊಡೆದ ಚೆಂಡು ಬಹಳ ಚೆಂದವಾಗಿ ಮೇಲೆದ್ದು, ಬಹಳ ಚೆಂದವಾಗಿ ಬಲಕ್ಕೆ ಹೊರಳಿ ಕಾಡಿಗೆ ಹೋಯಿತು.

ನನ್ನ ಸರದಿ. ಇಷ್ಟು ವರ್ಷ ಮಕ್ಕಳಿಗೆ ‘ಚೆಂಡಿನ ಮೇಲೆ ಕಣ್ಣಿಡು’ ಎಂದು ಗದರಿದವಳು, ಕಣ್ಣಿಟ್ಟೇ ಹೊಡೆದೆ. ಕೋಲು ಬುಸ್ಸೆಂದಿತು, ಚೆಂಡು ಇದ್ದಲ್ಲೇ ಇತ್ತು. “ಪರ್ವಾಗಿಲ್ಲ, ಅದು ಪ್ರಾಕ್ಟೀಸ್ ಅಂದ್ಕೊಳ್ಳಿ,” ಎಂದರು ಸಾಹೇಬರು. ಎರಡನೆಯ ಹೊಡೆತಕ್ಕೆ ಚೆಂಡಿಗಿಂತ ಮಣ್ಣಿನ ಹೆಂಟೆ ದೂರ ಹೋಯಿತು.

ನೆಗೆಣ್ಣಿ ಚೀಲದ ಮುಂದೆ ನಿಂತು ಒಂದೊಂದೇ ಕೋಲನ್ನು ಎತ್ತಿ ನೋಡಿ ವಾಪಸ್ಸಿಟ್ಟಳು. ಕೊನೆಗೆ ಒಂದನ್ನು ಹಿಡಿದು, “ಇದೊಂದ ಮೂತಿ ನೆಟ್ಟಗೈತಿ,” ಎಂದಳು. ಅದು ಪಟರ್, ಗ್ರೀನ್ ಮುಟ್ಟಿದ ಮೇಲೆ ಚೆಂಡನ್ನು ಮೆಲ್ಲಗೆ ಕುಳಿಗೆ ಉರುಳಿಸಲು ಇರುವ ಕೋಲು.

“ಅದು ಈಗಲ್ಲಮ್ಮಾ, ಆಮೇಲೆ!”

“ಈಗ ಹೊಡದ್ರ ದಂಡ ಹಾಕ್ತಾರೇನ್ರಿ?”

“ದಂಡ ಅಂತೇನಿಲ್ಲ, ಆದ್ರೆ…”

ಆದರೆ ಎನ್ನುವಷ್ಟರಲ್ಲಿ ಅವಳು ಹೊಡೆದಾಗಿತ್ತು. ಚೆಂಡು ನೆಲ ಬಿಟ್ಟು ಮೇಲೇಳಲಿಲ್ಲ. ಕತ್ತರಿಸಿದ ಹುಲ್ಲಿನ ಮೇಲೆ, ಇಳಿಜಾರಿನಲ್ಲಿ, ಸಂತೆಗೆ ಹೊರಟವರಂತೆ ತನ್ನ ಪಾಡಿಗೆ ನಡೆದುಕೊಂಡು ಹೋಗಿ ದಾರಿಯ ನಟ್ಟನಡುವೆ ನಿಂತಿತು. ಮೂವರದರಲ್ಲಿ ಒಳ್ಳೆಯ ಚೆಂಡು ಅದೇ. ಸಾಹೇಬರು ಅಲ್ಲಿಂದ ಹೊಡೆಯಬೇಕಾಯಿತು.

ಹೀಗೇ ನಡೆಯಿತು. ಸಾಹೇಬರ ಚೆಂಡು ಆಕಾಶ ನೋಡಿಕೊಂಡು ಹೋಗಿ ಮರಳಿನಲ್ಲೋ ಕಾಡಿನಲ್ಲೋ ಬೀಳುವುದು, ನನ್ನದು ಎಲ್ಲಿಗೆ ಹೋಗುವುದೆಂದು ನನಗೇ ತಿಳಿಯದಿರುವುದು, ಅವಳದು ಹುಲ್ಲಿನ ಮೇಲೆ ನೆಟ್ಟಗೆ ಉರುಳುವುದು. ನಡುವೆ ಒಂದೆರಡು ಸಲ ಸಾಹೇಬರು ನಿಜವಾಗಿಯೂ ಸೊಗಸಾಗಿ ಹೊಡೆದರು. ಆಗ ನಾವಿಬ್ಬರೂ ಕೈ ತಟ್ಟಿದೆವು. ಅದಕ್ಕೂ ಅವರಿಗೆ ಸಿಟ್ಟು ಬಂದಂತೆ ಕಂಡಿತು. ಗಾಲ್ಫ್ ಬಂಡಿಯನ್ನು ಮಾತ್ರ ನನ್ನ ಕೈಗೆ ಕೊಟ್ಟಿದ್ದರು. ನಾನು ಅದನ್ನು ಸ್ಕೂಟಿ ಅಂದುಕೊಂಡು ಓಡಿಸಿದೆ. ಒಂದು ತಿರುವಿನಲ್ಲಿ ಸಾಹೇಬರ ಟೋಪಿ ಹಾರಿತು.

ಆ ಟೋಪಿ ತರಲು ಇಳಿದಾಗಲೇ ಉಡ ಕಂಡದ್ದು. ನಮ್ಮ ಕಡೆಯ ಉಡ ಅದರ ಮುಂದೆ ಹಲ್ಲಿ. ಮೊಸಳೆಯ ತಮ್ಮನಂತೆ ಹೊಂಡದಿಂದ ಎದ್ದು, ಟೋಪಿಗೂ ನಮಗೂ ನಡುವೆ ಮಲಗಿ ನಾಲಿಗೆ ಚಾಚಿತು. ಸಾಹೇಬರು ಬಂಡಿಯ ಸೀಟಿನ ಮೇಲೆ ಹತ್ತಿ ನಿಂತರು. ನಾನು ಟೀಚರ್ ಅಲ್ಲವೇ, ಧೈರ್ಯವಾಗಿ ಅವರ ಹಿಂದೆ ಹತ್ತಿ ನಿಂತೆ. ನೆಗೆಣ್ಣಿಯೂ ಹತ್ತಲು ಬಂದಳು, ಜಾಗವಿರಲಿಲ್ಲ. “ಸರಕೊಳ್ರಿ ಸರ್! ಅಕ್ಕಾ, ನೀನಾರ ಸರಕೋ!” ಎಂದು ಅವಳು ಕಿರುಚಿದ ರಭಸಕ್ಕೆ ಉಡವೇ ಹೆದರಿ ನೀರಿಗೆ ಧುಮುಕಿತು. ತಮಿಳಿನವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಟೋಪಿಯನ್ನು ಅವಳೇ ತಂದುಕೊಟ್ಟಳು.

ಆ ಮೈದಾನದ ಹೆಸರುವಾಸಿ ಕುಳಿ ಅದರ ಮುಂದಿನದು. ಸಾಹೇಬರು ಬಂಡಿ ಇಳಿದು ಗುಡಿಯ ಮುಂದೆ ನಿಂತವರಂತೆ ನಿಂತರು. ಎದುರಿಗೆ ದೊಡ್ಡ ಹೊಂಡ, ಹೊಂಡದ ನಡುವೆ ನಡುಗಡ್ಡೆಯಂತೆ ಗ್ರೀನ್, ಅದರ ಮೇಲೆ ಒಂದು ಬಾವುಟ. ನೀರನ್ನು ದಾಟಿಸಿ ಹೊಡೆಯಬೇಕು. “ಟೀವೀಲಿ ತೋರಿಸೋದು ಇದನ್ನೇ. ಇದಕ್ಕಾಗಿಯೇ ನಾನು ಬಂದಿರೋದು,” ಎಂದರು. ಆ ಮಾತಿನಲ್ಲಿ ಎಂಥದೋ ಮುಗ್ಧತೆ ಇತ್ತು. ಪಾಪ, ಚೆನ್ನಾಗಿ ಹೊಡೆಯಲಿ ಎಂದು ನಾನು ಮನಸ್ಸಿನಲ್ಲೇ ಕೊಟ್ಟೂರೇಶನಿಗೆ ಕೈ ಮುಗಿದೆ.

ಚೆಂಡು ನೀರಿಗೆ ಬಿತ್ತು. ನಂತರ ನನ್ನದೂ ಬಿತ್ತು.

ನೆಗೆಣ್ಣಿ ಹೊಂಡದ ಕಡೆ ನೋಡಲೇ ಇಲ್ಲ. “ಅಲ್ಲಿ ದಾರಿ ಐತಲ್ಲಕ್ಕ,” ಎಂದು ಎಡಗಡೆ ಕೈ ತೋರಿಸಿದಳು. ಆಟಗಾರರು ನಡುಗಡ್ಡೆಗೆ ನಡೆದು ಹೋಗಲು ಕಟ್ಟಿದ ಸಣ್ಣ ಸಿಮೆಂಟಿನ ಸೇತುವೆ, ಎರಡೂ ಕಡೆ ಗೇಣೆತ್ತರದ ಕಟ್ಟೆ. ಅವಳು ಅಡ್ಡ ತಿರುಗಿ ಸೇತುವೆಯ ಬಾಯಿಗೆ ಗುರಿಯಿಟ್ಟು ಚೆಂಡನ್ನು ಉರುಳಿಸಿದಳು. ಅದು ಬಾಯಿಯ ಹತ್ತಿರವೇ ಹೋಗಿ ನಿಂತಿತು.

“ಏನ್ರೀ ಇದು? ಹೀಗೆಲ್ಲ ಮಾಡೋಹಾಗಿಲ್ಲ!” ಎಂದರು ಸಾಹೇಬರು.

“ಮಂದಿ ಇದರ ಮ್ಯಾಲೆ ಹೋಗಬಹುದು, ಚೆಂಡು ಹೋಗಬಾರದೇನ್ರಿ?”

ಸಾಹೇಬರು ತಮಿಳಿನವಳ ಕಡೆ ತಿರುಗಿದರು. ಅವಳು ನಗು ನುಂಗಿಕೊಂಡು, ಹೊಡೆಯಬಹುದು ಎಂದು ತಲೆಯಾಡಿಸಿದಳು. ಅವರಿಗೆ ನಂಬಿಕೆಯಾಗಲಿಲ್ಲ. ಫೋನು ತೆಗೆದು ನಿಯಮಗಳನ್ನು ಹುಡುಕಿ, ಬೆವರು ಒರೆಸಿಕೊಳ್ಳುತ್ತ ಓದಿದರು. ಕೊನೆಗೆ ಫೋನನ್ನು ಜೇಬಿಗೆ ಹಾಕಿಕೊಂಡು, “ಸರಿ. ಆದ್ರೆ ನಾನು ಎತ್ತೇ ಹೊಡೆಯೋದು,” ಎಂದು ಅದೇ ಜಾಗದಿಂದ ಎತ್ತಿ ಹೊಡೆದರು. ಮತ್ತೆ ನೀರು. ನಾನೂ ಹೊಡೆದೆ. ನನ್ನದೂ ಅವರದರ ಪಕ್ಕದಲ್ಲೇ ಗುಳುಕ್ ಎಂದಿತು.

ಹಿಂದಿನ ಗುಂಪಿನ ಗುಜರಾತಿನ ಡೀಲರುಗಳು ಅಷ್ಟರಲ್ಲಿ ಬಂದು ಫೋನು ಹಿಡಿದು ನಿಂತಿದ್ದರು. ನೆಗೆಣ್ಣಿ ಬಗ್ಗಿ, ಸೇತುವೆಯ ಮೇಲಿದ್ದ ಒಂದು ಒಣ ಎಲೆಯನ್ನು ಸರಿಸಿ, ಹಿಂದಕ್ಕೆ ಬಂದು ಹೊಡೆದಳು. ಚೆಂಡು ಸಿಮೆಂಟಿನ ಮೇಲೆ ಸರಸರ ಓಡಿತು. ಎಡಗಟ್ಟೆಗೆ ಟಕ್ ಎಂದು ಬಡಿಯಿತು, ಬಲಗಟ್ಟೆಗೆ ಬಡಿಯಿತು, ಮತ್ತೆ ಎಡಕ್ಕೆ ಬಂತು. ಒಂದು ಗಳಿಗೆ ನಿಂತೇಹೋಯಿತು ಅನ್ನಿಸಿ, ಆಚೆ ಬದಿಯ ಇಳಿಜಾರಿಗೆ ಸಿಕ್ಕು ಮೆಲ್ಲಗೆ ಹುಲ್ಲಿನ ಮೇಲೆ ಇಳಿದು ನಿಂತಿತು. ಗುಜರಾತಿನವರು ಶಿಳ್ಳೆ ಹೊಡೆದರು.

ಸಾಹೇಬರು ಆ ಚೆಂಡನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆ ಅಲುಗಾಡತೊಡಗಿತು. ನಕ್ಕರು. ಎಷ್ಟು ನಕ್ಕರೆಂದರೆ ಸೇತುವೆಯ ಕಟ್ಟೆಯ ಮೇಲೆ ಕೂತು ಕಣ್ಣು ಒರೆಸಿಕೊಂಡರು. ದೊಡ್ಡ ಆಟಗಾರರು ಅತ್ತದ್ದೂ ಹೀಗೆಯೇ ಇರಬಹುದು.

ಅಲ್ಲಿಂದ ಮುಂದೆ ಆಟ ಬೇರೆಯೇ ಆಯಿತು. ಸಾಹೇಬರು ಮಂಡಿ ಕುಣಿಸುವುದನ್ನು ಬಿಟ್ಟರು. ಹುಲ್ಲು ತೂರುವುದನ್ನು ಬಿಟ್ಟರು. ಆಶ್ಚರ್ಯವೆಂದರೆ ಅವರ ಚೆಂಡು ನೆಟ್ಟಗೆ ಹೋಗತೊಡಗಿತು. ನನಗೆ ಮಾತ್ರ ಒಳಗೊಳಗೇ ಉರಿ. ಆಟದ ಟೀಚರ್ ನಾನು, ಇಡೀ ಬೆಳಿಗ್ಗೆ ನನ್ನ ಒಂದು ಚೆಂಡೂ ಲೆಕ್ಕಕ್ಕೆ ಬಂದಿರಲಿಲ್ಲ.

ಕೊನೆಯ ಕುಳಿ ಸಮುದ್ರದ ಅಂಚಿನಲ್ಲಿತ್ತು. ಎತ್ತರದಲ್ಲಿ ನಿಂತು ಕೆಳಗೆ ಹೊಡೆಯಬೇಕು. ಬಲಕ್ಕೆ ತೆಂಗಿನ ಮರಗಳ ಸಾಲು, ಅದರಾಚೆ ಮರಳು, ಅಲೆಗಳು. ನಾನು ಎಲ್ಲಕ್ಕಿಂತ ದೊಡ್ಡ ಕೋಲು ತೆಗೆದುಕೊಂಡೆ. ಹೇಗೆ ನಿಲ್ಲಬೇಕು, ಎಲ್ಲಿ ಹಿಡಿಯಬೇಕು ಎಂದು ಯಾರ ಮಾತೂ ನೆನಪಿಸಿಕೊಳ್ಳಲಿಲ್ಲ. ಸುಮ್ಮನೆ ಬೀಸಿದೆ. ಕೈಗೆ ಏನೂ ತಾಗಿದಂತೆಯೇ ಆಗಲಿಲ್ಲ. ಒಂದು ಸಣ್ಣ, ಗಟ್ಟಿ ಸದ್ದು ಮಾತ್ರ ಕೇಳಿಸಿತು. ತಲೆಯೆತ್ತಿದಾಗ ಚೆಂಡು ಆಕಾಶದಲ್ಲಿ ಚುಕ್ಕೆಯಾಗಿತ್ತು. ಇನ್ನೂ ಮೇಲೇಳುತ್ತಲೇ ಇತ್ತು. ತೆಂಗಿನ ಮರಗಳ ಮೇಲಿಂದ, ಮರಳಿನ ಮೇಲಿಂದ ಹಾದು, ಬಹಳ ದೂರದಲ್ಲಿ ಸಮುದ್ರಕ್ಕೆ ಬಿತ್ತು. ನೀರು ಚಿಮ್ಮಿದ್ದು ಕಾಣಲಿಲ್ಲ, ಅಷ್ಟು ದೂರ.

“ಮ್ಯಾಡಮ್,” ಎಂದರು ಸಾಹೇಬರು, ಅಲ್ಲಿಯವರೆಗೆ ನನ್ನನ್ನು ಅಮ್ಮಾ ಎನ್ನುತ್ತಿದ್ದವರು. “ದಿಕ್ಕು ಪೂರ್ತಿ ತಪ್ಪು. ಆದ್ರೆ ಎಂಥಾ ಹೊಡೆತ!”

ಲೆಕ್ಕಕ್ಕೆ ಅದೂ ಬರಲಿಲ್ಲ. ನನಗೆ ಬೇಜಾರಾಗಲಿಲ್ಲ. ಆ ಸದ್ದು ಅಂಗೈಯಲ್ಲಿ ಬಹಳ ಹೊತ್ತು ಉಳಿದಿತ್ತು.

ಎಲ್ಲ ಗುಂಪುಗಳಲ್ಲಿ ನಾವು ಕೊನೆಯವರಾಗಲಿಲ್ಲ, ಕೊನೆಯವರಿಗಿಂತ ಒಂದು ಮೆಟ್ಟಿಲು ಮೇಲೆ ಬಂದೆವು. ನಮಗಿಂತ ಹಿಂದೆ ಬಿದ್ದವರು ಗುಜರಾತಿನವರು, ನಗುವುದರಲ್ಲಿ ಅವರಿಗೆ ಕೈ ನಡುಗಿತ್ತಂತೆ. ಸಂಜೆಯ ಊಟದ ಹೊತ್ತಿಗೆ ಸೇತುವೆಯ ವಿಡಿಯೊ ಎಲ್ಲರ ಫೋನಿಗೂ ಹೋಗಿತ್ತು. ಸಾಹೇಬರು ಡೀಲರುಗಳ ನಡುವೆ ನಿಂತು ಕೈ ಬೀಸಿ ಬೀಸಿ ವರ್ಣಿಸುತ್ತಿದ್ದರು. “ನಾನೇ ಹೇಳ್ದೆ, ನೋಡೀಮ್ಮಾ, ನೀರಿನ ಮೇಲೆ ಯಾಕೆ, ಸೇತುವೆ ಇದೆಯಲ್ಲ ಅಂತ. ಗಾಲ್ಫ್ ಅಂದ್ರೆ ತಲೆ ಓಡಿಸೋ ಆಟ!” ನಾನು ಬಾಯಿ ತೆರೆಯುವುದರೊಳಗೆ ನೆಗೆಣ್ಣಿ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿ, “ಹೌದ್ರಿ, ಸರ್ ಹೇಳಿದಂಗ ಮಾಡಿದ್ವಿ. ಆ ಉಡಾನೂ ಸಾಹೇಬರ ಓಡಿಸಿದ್ರು,” ಎಂದಳು. ಮುಖದ ಮೇಲೆ ಒಂದು ಗೆರೆ ಕೂಡ ಅಲುಗಾಡಲಿಲ್ಲ. ಸಾಹೇಬರು ಒಂದು ಕ್ಷಣ ಅವಳನ್ನು ನೋಡಿ, ಉಡದ ವಿಷಯ ಬೆಳೆಸದೆ ಅನ್ನದ ಕಡೆ ಹೋದರು.

ನಮ್ಮ ಗಂಡಂದಿರು ಮಾತ್ರ ಏನೂ ಆಗಿಲ್ಲವೆಂಬಂತೆ ಕೂತಿದ್ದರು. ಬೋಟಿನಲ್ಲಿ ಇಬ್ಬರಿಗೂ ಹೊಟ್ಟೆ ತೊಳಸಿ, ಸಮುದ್ರ ನೋಡುವ ಬದಲು ಬಕೀಟು ನೋಡಿಕೊಂಡು ಬಂದಿದ್ದರಂತೆ.

“ಬಡಿಗಿ ಹಿಡಕೊಂಡು ಅಡ್ಡಾಡೋದು, ಅದೂ ಒಂದು ಆಟೇನು?” ಎಂದರು ನಮ್ಮ ಮನೆಯವರು.

“ಸಣ್ಣ ಹುಡುಗ್ರೂ ಆಡ್ತಾವ ತಗೋಣ್ಣ,” ಎಂದ ಮೈದುನ.

ನಾವಿಬ್ಬರೂ ಎದ್ದು ಅನ್ನ ಬಡಿಸಿಕೊಂಡೆವು.

ಮರುದಿನ ಬೆಳಿಗ್ಗೆ ಎಚ್ಚರವಾದಾಗ ನಮ್ಮ ಮನೆಯವರು ಹಾಸಿಗೆಯಲ್ಲಿರಲಿಲ್ಲ. ನಾನು ಹೋಗಿ ನೆಗೆಣ್ಣಿಯ ಬಾಗಿಲು ಬಡಿದೆ. ಮೈದುನನೂ ಇಲ್ಲ. ಸಮುದ್ರದ ಕಡೆ ಹೋಗಿರಬಹುದೆಂದು ಇಬ್ಬರೂ ಹೊರಟೆವು. ಹೋಟೆಲಿನ ಹಿಂದೆ, ಹೊಸಬರು ಕಲಿಯಲೆಂದು ಬಿಟ್ಟ ಸಣ್ಣ ಬಯಲೊಂದಿತ್ತು. ಅಲ್ಲಿಂದ ಪರಿಚಯದ ಕೆಮ್ಮು ಕೇಳಿಸಿತು. ದಾಸವಾಳದ ಬೇಲಿಯ ಸಂದಿಯಿಂದ ನೋಡಿದೆವು.

ನಮ್ಮ ಮನೆಯವರು ಪಂಚೆಯನ್ನು ಮೇಲಕ್ಕೆ ಕಟ್ಟಿ, ಎರಡೂ ಕೈಯಲ್ಲಿ ಗಾಲ್ಫ್ ಕೋಲನ್ನು ಹಾರೆಯಂತೆ ಹಿಡಿದು ನಿಂತಿದ್ದರು. ಮೈದುನ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಚೆಂಡಿಡುತ್ತಿದ್ದ. ಬೀಸಿದರು. ಚೆಂಡು ಅಲ್ಲೇ ಇತ್ತು. ಮತ್ತೆ ಬೀಸಿದರು. ಹುಲ್ಲಿನ ತುಂಡೊಂದು ಹಾರಿ ತಮ್ಮನ ತಲೆಯ ಮೇಲೆ ಕೂತಿತು.

“ಅಣ್ಣಾ, ನೆಟ್ಟಗ ನೋಡಿ ಹೊಡಿ.”

“ನೆಟ್ಟಗ ನೋಡೇ ಹೊಡಿಯಾಕ ಹತ್ತೀನಲೇ, ಅದ ಸರಿಯಾಕ ಹತ್ತೈತಿ!”

ನೆಗೆಣ್ಣಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ನಾನು ಅವಳ ಕೈ ಹಿಡಿದೆಳೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಬಂದ ದಾರಿಯಲ್ಲೇ ವಾಪಸ್ಸು ಬಂದೆ. ನಾಷ್ಟಾಕ್ಕೆ ಕೂತಾಗ ಅವರಿಬ್ಬರೂ ಬಂದರು. ಮೊಣಕಾಲತನಕ ಇಬ್ಬನಿ, ಹುಲ್ಲು.

“ಎಲ್ಲಿಗೆ ಹೋಗಿದ್ರಿ ಇಷ್ಟು ಲಗೂನ?” ಎಂದು ಕೇಳಿದೆ.

“ವಾಕಿಂಗು,” ಎಂದರು ನಮ್ಮ ಮನೆಯವರು. “ಗಾಳಿ ಚಲೋ ಐತಿಲ್ಲಿ.”

“ಹೌದೇನ್ರಿ,” ಎಂದು ನಾನು ಅವರ ಬಟ್ಟಲಿಗೆ ಚಹಾ ಬಗ್ಗಿಸಿದೆ.